ವರ್ತಕನ ಒಂಟಿತನ
ನಷ್ಟಕ್ಕೆ ಸಿಕ್ಕ ವರ್ತಕನು ತನ್ನ ಅಳಲನ್ನು ಯಾರ ಮುಂದೆ ತೋಡಿಕೊಳ್ಳಬೇಕು? ಮನೆಯವರು ಹೆದರಿಯಾರು, ಗುಮಾಸ್ತನು ಬೇರೆ ಕೆಲಸ ಹುಡುಕಿಯಾನು, ಎದುರಂಗಡಿಯವನಂತೂ ಸಂತೋಷಪಟ್ಟಾನು!

1905ರ ಫೆಬ್ರವರಿ 23ರಂದು ಷಿಕಾಗೋ ನಗರದಲ್ಲಿ ವಕೀಲ ಪಾಲ್ ಹ್ಯಾರಿಸ್ ಕೂಡಿಸಿದ ನಾಲ್ವರ ಕೂಟವನ್ನು ನಾನು ಮೆಚ್ಚುವುದು ಈ ದೃಷ್ಟಿಯಿಂದ. ಹಳ್ಳಿಯ ನೆರೆಹೊರೆಯಲ್ಲಿ ಬೆಳೆದ ಆತನಿಗೆ ಆ ಮಹಾನಗರದಲ್ಲಿ ಸ್ನೇಹಿತರು ವಿರಳ. ಉಳಿದವರು ಕಲ್ಲಿದ್ದಲಿನ ವ್ಯಾಪಾರಿ, ಗಣಿ ಇಂಜಿನಿಯರು ಮತ್ತು ದರ್ಜಿ ಅಂಗಡಿಯ ಒಡೆಯ. ಒಬ್ಬೊಬ್ಬರ ಕಚೇರಿಯಲ್ಲಿ ಸರದಿಯಂತೆ ಸೇರುತ್ತಿದ್ದುದರಿಂದ ಅದಕ್ಕೆ ರೋಟರಿ ಎಂಬ ಹೆಸರು ಬಂದಿತು. ಒಂದು ವೃತ್ತಿಗೆ ಒಬ್ಬನೇ ಸದಸ್ಯನೆಂಬುದು ಆ ಕ್ಲಬ್ಬಿನ ಆದಿಯ ನಿಯಮ. ಪ್ರತಿಸ್ಪರ್ಧಿಯಿಲ್ಲದ ಅಂಥ ಸಭೆಯಲ್ಲಿ ಕಲ್ಲಿದ್ದಲಿನವನು ವಸೂಲಾಗದ ಬಾಕಿಯ ಮಾತೆತ್ತಿದರೆ ದರ್ಜಿಗೆ ವಿವರಣೆ ಬೇಕಾಗದು. ಬಾಕಿಯ ಕಷ್ಟ ಅವನಿಗೂ ಉಂಟು. ತಮ್ಮತಮ್ಮಲ್ಲೇ ವ್ಯಾಪಾರ ಕೊಟ್ಟುಕೊಳ್ಳುವ ಉದ್ದೇಶವೂ ಆರಂಭದಲ್ಲಿ ಇತ್ತೆನ್ನಿ. ಆ ಲಾಭವನ್ನು ನಾನು ಎರಡನೆಯದಾಗಿ ಎಣಿಸುತ್ತೇನೆ.