ಹಾಡಿನ ಚೌಕಟ್ಟಿನೊಳಗೆ ಯಾರ ಮೈ, ಯಾರ ಕಣ್ಣು

ಹಾಡು ಕೇವಲ ಕಿವಿಗೆ ಸೇರಿದ್ದ ಕಾಲದಲ್ಲಿ ಹಾಡುವವರ ಮೈಬಣ್ಣ, ವಯಸ್ಸು, ಉಡುಗೆ ಯಾವುದೂ ಕೇಳುಗರಿಗೆ ಮುಖ್ಯವಾಗಿರಲಿಲ್ಲ. ಕೆ.ಎಸ್. ನಿಸಾರ್ ಅಹಮದರ ಕವಿತೆಗಳನ್ನು ಮೈಸೂರು ಅನಂತಸ್ವಾಮಿಯವರ ರಾಗಸಂಯೋಜನೆಯಲ್ಲಿ ಮನೆಮನೆಗೆ ಮುಟ್ಟಿಸಿದ 1978ರ 'ನಿತ್ಯೋತ್ಸವ' ಧ್ವನಿಸುರುಳಿಗೆ ದನಿಯೊಂದೇ ಸಾಕಾಗಿತ್ತು. ಇಂದು ಹೊಸಬಾಳೆಯಂಥ ಸೊರಬ–ಶಿಕಾರಿಪುರ ಸೀಮೆಯ ಊರುಗಳಲ್ಲೂ ಹೊಸ ಹಾಡು ಮೊದಲು ತಲುಪುವುದು ಮೊಬೈಲ್ ಪರದೆಯ ಮೇಲೆ, ಮ್ಯೂಸಿಕ್ ವಿಡಿಯೊ ರೂಪದಲ್ಲಿ. ಒಂದೇ ಹಾಡಿಗೆಂದು ಚಿತ್ರಿಸಿದ ಈ ಕಿರುಚಿತ್ರದಲ್ಲಿ ಪಾತ್ರಗಳನ್ನು ಬೆಳೆಸಲು ಸಮಯವಿರುವುದಿಲ್ಲ. ಹೀಗಾಗಿ ನೋಡುಗರ ಮನಸ್ಸಿನಲ್ಲಿ ಮೊದಲೇ ಬೇರೂರಿರುವ ಅಚ್ಚುಗಳನ್ನೇ ಅದು ಎತ್ತಿಕೊಳ್ಳುತ್ತದೆ, ಎತ್ತಿಕೊಂಡು ಇನ್ನಷ್ಟು ಗಟ್ಟಿಮಾಡುತ್ತದೆ.

ಇಂಗ್ಲೆಂಡಿನ ಚಿತ್ರಚಿಂತಕಿ ಲಾರಾ ಮಲ್ವಿ 1975ರಲ್ಲಿ ಪ್ರಕಟಿಸಿದ ಪ್ರಬಂಧವೊಂದರಲ್ಲಿ 'ಪುರುಷ ನೋಟ' ಎಂಬ ಪರಿಕಲ್ಪನೆಯನ್ನು ಮುಂದಿಟ್ಟರು. ಪರದೆಯ ಮೇಲೆ ನೋಡುವವನು ಗಂಡು, ನೋಡಿಸಿಕೊಳ್ಳುವವಳು ಹೆಣ್ಣು ಎಂಬ ಹಂಚಿಕೆಯನ್ನು ಕ್ಯಾಮೆರಾ ತಾನೇ ಮಾಡಿಬಿಡುತ್ತದೆ, ನೋಡುಗರು ಹೆಂಗಸರೇ ಆಗಿದ್ದರೂ ಆ ಗಂಡಿನ ಕಣ್ಣಿನಿಂದಲೇ ನೋಡಬೇಕಾಗುತ್ತದೆ ಎಂಬುದು ಅದರ ತಿರುಳು. ಪಾರ್ಟಿ ಹಾಡಿನ ಯಾವುದೇ ವಿಡಿಯೊವನ್ನು ದನಿ ಆರಿಸಿ ನೋಡಿದರೆ ಈ ಹಂಚಿಕೆ ಸ್ಪಷ್ಟವಾಗುತ್ತದೆ: ಹಾಡುವ ಗಂಡಿನ ಮುಖ ಚೌಕಟ್ಟಿನ ತುಂಬ ನಿಂತು ನೇರವಾಗಿ ಲೆನ್ಸನ್ನು ದಿಟ್ಟಿಸುತ್ತದೆ, ಹೆಣ್ಣಾದರೋ ತಾಳದ ಏಟಿಗೊಂದರಂತೆ ಸೊಂಟ, ಕಾಲು, ತುಟಿಗಳಾಗಿ ತುಂಡುತುಂಡಾಗಿ ಬಂದು ಹೋಗುತ್ತಾಳೆ, ಅವಳಿಗೆ ಒಂದು ಸಾಲೂ ಸಿಗುವುದಿಲ್ಲ.

ಕನ್ನಡದಲ್ಲಿ ಈ ಪ್ರಶ್ನೆ ಬಹಿರಂಗವಾಗಿ ಸ್ಫೋಟಿಸಿದ್ದು 2020ರ ಆಗಸ್ಟಿನಲ್ಲಿ, ರ‍್ಯಾಪರ್ ಚಂದನ್ ಶೆಟ್ಟಿಯವರ 'ಕೋಲುಮಂಡೆ' ವಿಡಿಯೊ ಬಿಡುಗಡೆಯಾದಾಗ. ಕಂಸಾಳೆಯವರು ತಲೆಮಾರುಗಳಿಂದ ಹಾಡಿಕೊಂಡು ಬಂದಿರುವ, 'ಜನುಮದ ಜೋಡಿ' ಚಿತ್ರದಲ್ಲಿ ಎಲ್.ಎನ್. ಶಾಸ್ತ್ರಿಯವರ ಕಂಠದಿಂದ ನಾಡಿಗೆಲ್ಲ ಪರಿಚಿತವಾದ ಈ ಮಲೆ ಮಾದೇಶ್ವರನ ಹಾಡನ್ನು ಹೊಸ ತಾಳಕ್ಕೆ ಹೊಂದಿಸಿದ ಆ ವಿಡಿಯೊದಲ್ಲಿ ಶರಣೆ ಸಂಕಮ್ಮನನ್ನು ತುಂಡುಡುಗೆಯಲ್ಲಿ ಕುಣಿಸಲಾಗಿದೆ ಎಂದು ಭಕ್ತರು ಪ್ರತಿಭಟಿಸಿದರು; ಚಂದನ್ ಶೆಟ್ಟಿ ಕ್ಷಮೆ ಕೇಳಿದರು, ವಿಡಿಯೊವನ್ನು ಯೂಟ್ಯೂಬಿನಿಂದ ತೆಗೆಯಲಾಯಿತು. ಚರ್ಚೆ ಬಹುಮಟ್ಟಿಗೆ ಉಡುಗೆಯ ಉದ್ದಗಿಡ್ಡವನ್ನೂ ಭಕ್ತರ ಭಾವನೆಯನ್ನೂ ಸುತ್ತಿತು. ಆದರೆ ಮಾದೇಶ್ವರ ಕಾವ್ಯದ ಸಂಕಮ್ಮ ಸೋಲಿಗರ ನೀಲೇಗೌಡನ ಹೆಂಡತಿ. ಕಾಡಿಗೆ ಹೊರಟ ಗಂಡ ಪಾತಿವ್ರತ್ಯದ ಭಾಷೆ ಕೇಳಿದಾಗ ಕೊಡಲು ಒಪ್ಪದೆ, ಅದಕ್ಕಾಗಿ ಅವನ ಕೈಯಲ್ಲಿ ಹಿಂಸೆ ಉಂಡವಳು. ಅಂಥ ಕಾಡಿನ ಹೆಣ್ಣಿನ ಹಟವನ್ನೇ ಅಳಿಸಿ ಅವಳನ್ನು ಬರೀ ಮೈಯಾಗಿ ಉಳಿಸಿದ್ದು ಬಟ್ಟೆಯ ಅಳತೆಗಿಂತ ದೊಡ್ಡ ತಪ್ಪು. ಅವಳಿಗೆ ಮೈತುಂಬ ಸೀರೆ ಉಡಿಸಿದ್ದರೂ ಆ ತಪ್ಪು ಉಳಿಯುತ್ತಿತ್ತು.

ಹೆಣ್ಣಿನ ಮೈ ಮತ್ತು ನೋಡುವ ಕಣ್ಣಿನ ಈ ಜಗಳ ಹೊಸಬಾಳೆಯ ನೆರೆಹೊರೆಗೆ ಹೊಸದಲ್ಲ. ಶಿಕಾರಿಪುರ ತಾಲ್ಲೂಕಿನ ಉಡುತಡಿಯಲ್ಲಿ ಹುಟ್ಟಿದ ಅಕ್ಕಮಹಾದೇವಿಯನ್ನು, ಅದೇ ತಾಲ್ಲೂಕಿನ ಬಳ್ಳಿಗಾವೆಯ ಅಲ್ಲಮಪ್ರಭು, ಕೂದಲಿನಿಂದ ಮೈ ಮುಚ್ಚಿಕೊಂಡದ್ದೇಕೆ ಎಂದು ಪ್ರಶ್ನಿಸುವ ಪ್ರಸಂಗ ಶೂನ್ಯಸಂಪಾದನೆಯಲ್ಲಿ ಬರುತ್ತದೆ. ಮುಚ್ಚಿಕೊಂಡದ್ದು ತನಗಾಗಿ ಅಲ್ಲ, ನೋಡುವವರಿಗಾಗಿ ಎಂಬ ಅರ್ಥ ಅಕ್ಕನ ಉತ್ತರದಲ್ಲಿದೆ. ನೋಟದ ಹೊಣೆ ನೋಡುವವರ ಮೇಲಿದೆ ಎಂಬ ಈ ಮಾತನ್ನು ಕ್ಯಾಮೆರಾ ಹಿಡಿದವರಿಗೂ ಧಾರಾಳವಾಗಿ ಅನ್ವಯಿಸಬಹುದು.

ಬಣ್ಣ ಮತ್ತು ಜನಾಂಗದ ವಿಷಯದಲ್ಲಿ ಮ್ಯೂಸಿಕ್ ವಿಡಿಯೊದ ಚರಿತ್ರೆ ಮೊದಲಿನಿಂದಲೂ ಕಳಂಕಿತ. 1981ರಲ್ಲಿ ಅಮೆರಿಕದಲ್ಲಿ ಆರಂಭವಾದ ಎಂಟಿವಿ ಕಪ್ಪು ಕಲಾವಿದರಿಗೆ ಏಕೆ ಜಾಗ ಕೊಡುವುದಿಲ್ಲವೆಂದು 1983ರಲ್ಲಿ ಬಿಳಿಯ ಗಾಯಕ ಡೇವಿಡ್ ಬೋವಿ ಅದೇ ವಾಹಿನಿಯ ಸಂದರ್ಶನದಲ್ಲಿ ಕೇಳಿದ್ದರು. ಮೈಕೇಲ್ ಜಾಕ್ಸನ್‌ರ 'ಬಿಲ್ಲಿ ಜೀನ್' ಆ ಬಾಗಿಲನ್ನು ತೆರೆದದ್ದು ಅದೇ ವರ್ಷ. ಕನ್ನಡದಲ್ಲಿ ಕಪ್ಪು ಮೈಬಣ್ಣದ ನಾಯಕನಿಗೆ 2007ರ 'ದುನಿಯಾ' ಚಿತ್ರದ ವಿಜಯ್ ಅವರಿಂದ ಒಂದು ಸ್ಥಾನ ದಕ್ಕಿತಾದರೂ, ಹಾಡಿನ ನಾಯಕಿ ಬೆಳ್ಳಗೇ ಇರಬೇಕೆಂಬ ಅಲಿಖಿತ ಕಟ್ಟಳೆ ಸಡಿಲಗೊಂಡಿಲ್ಲ.

ಇದೇ ವಿಜಯ್ ನಿರ್ದೇಶಿಸಿದ, 2021ರಲ್ಲಿ ತೆರೆಕಂಡ 'ಸಲಗ' ಚಿತ್ರದ 'ಟಿಣಿಂಗ ಮಿಣಿಂಗ ಟಿಶ್ಯಾ' ಹಾಡಿನಲ್ಲಿ ಬೇರೊಂದು ಸಾಧ್ಯತೆ ಕಾಣಿಸಿತು. ಚರಣ್ ರಾಜ್ ಸಂಗೀತದ ಈ ಹಾಡಿಗೆ ಗಿರಿಜಾ ಸಿದ್ದಿ, ಗೀತಾ ಸಿದ್ದಿ ಮೊದಲಾದ ಸಿದ್ದಿ ಕಲಾವಿದರು ದನಿ ಕೊಟ್ಟರು. ಕುಣಿತದಲ್ಲೂ ಸಿದ್ದಿಗಳೇ ಕಾಣಿಸಿಕೊಂಡರು. ಪೋರ್ಚುಗೀಸರು ಆಫ್ರಿಕದಿಂದ ಗುಲಾಮರಾಗಿ ಗೋವೆಗೆ ತಂದವರಲ್ಲಿ ತಪ್ಪಿಸಿಕೊಂಡು ಸಹ್ಯಾದ್ರಿಯ ಕಾಡು ಸೇರಿದವರ ವಂಶಸ್ಥರಾದ ಸಿದ್ದಿಗಳು ಯಲ್ಲಾಪುರ, ಹಳಿಯಾಳ, ಮುಂಡಗೋಡ, ಅಂಕೋಲೆಗಳಲ್ಲಿ, ಎಂದರೆ ಸೊರಬಕ್ಕೆ ಅಷ್ಟೇನೂ ದೂರವಲ್ಲದ ಸೀಮೆಯಲ್ಲಿ ನೆಲೆಸಿದ್ದಾರೆ. ಶತಮಾನಗಳಿಂದ ಇಲ್ಲಿಯವರೇ ಆಗಿದ್ದರೂ 'ಯಾವ ದೇಶದವರು' ಎಂಬ ಪ್ರಶ್ನೆಯನ್ನು ಎದುರಿಸುತ್ತಲೇ ಬಂದ ಈ ಜನ, ಇಲ್ಲಿ ನಾಯಕನ ಬೆನ್ನ ಹಿಂದಿನ ಗುಂಪಾಗಿ ಬಾರದೆ ತಾವೇ ಹಾಡಿದರು. ನಾಡಿನ ಮಕ್ಕಳು ಆ ಹೆಜ್ಜೆಗಳನ್ನು ಅನುಕರಿಸಿದರು. ಆದರೂ ಅದು ಬಂದದ್ದು ಪ್ರಚಾರಗೀತೆಯಾಗಿ ಎಂಬುದನ್ನು ಮರೆಯುವಂತಿಲ್ಲ. ಸಿದ್ದಿ ಹೆಣ್ಣೊಬ್ಬಳು ಪ್ರೇಮಗೀತೆಯ ನಾಯಕಿಯಾಗುವ ದಿನ ಕನ್ನಡ ಪರದೆಗೆ ಇನ್ನೂ ದೂರವೇ ಇದೆ.

ವಯಸ್ಸಿನ ಲೆಕ್ಕವೂ ಗಂಡಿಗೊಂದು, ಹೆಣ್ಣಿಗೊಂದು. 1977ರ 'ಸನಾದಿ ಅಪ್ಪಣ್ಣ'ದಲ್ಲಿ ಜೋಡಿಯಾದಾಗ ರಾಜಕುಮಾರ್ ಅವರಿಗೆ 48, ಜಯಪ್ರದಾ ಅವರಿಗೆ 15. ರಾಜಕುಮಾರ್ ಅವರ ಕಲೆಯ ಬಗ್ಗೆ ಎಷ್ಟೇ ಗೌರವವಿದ್ದರೂ ಈ ಅಂತರ ಅವರೊಬ್ಬರದಲ್ಲ, ಇಡೀ ಉದ್ಯಮದ ರೂಢಿ ಎಂಬುದನ್ನು ಹೇಳಲೇಬೇಕು. ಐವತ್ತು ದಾಟಿದ ನಾಯಕ ಇಂದಿಗೂ ಪ್ರೇಮಿಯಾಗಿ ಹಾಡುತ್ತಾನೆ. ಅದೇ ವಯಸ್ಸಿನ ಹೆಣ್ಣು ತಾಯಿಯಾಗಿಯೋ ಹಾಸ್ಯದ ಅಜ್ಜಿಯಾಗಿಯೋ ಬರುತ್ತಾಳೆ. ನಿಜಜೀವನದಲ್ಲಿ ಸೋಬಾನೆ, ಬೀಸುಕಲ್ಲಿನ ಪದಗಳ ಭಂಡಾರವನ್ನು ಕಾಪಾಡಿದವರು ಬಹುಪಾಲು ಆ ವಯಸ್ಸಿನ ಹೆಂಗಸರೇ.

ಜನಪದ ಹಾಡನ್ನು ವಿಡಿಯೊ ಮಾಡಲು ಹೊರಡುವ ಕನ್ನಡದ ಯುವಕರು ಹಾಡಿನ ಜೊತೆಗೆ ಅದನ್ನು ಉಳಿಸಿದವರನ್ನೂ ಕರೆತರಲಿ; ಉಡುಗೆ, ಕುಣಿತ, ಸಂಕಲನದ ತೀರ್ಮಾನಗಳಲ್ಲಿ ಸೋಲಿಗ, ಸಿದ್ದಿ ಹೆಣ್ಣುಮಕ್ಕಳ ಮಾತು ನಡೆಯಲಿ, ಅವರ ಹೆಸರು ಗಾಯಕನ ಹೆಸರಿನಷ್ಟೇ ದೊಡ್ಡ ಅಕ್ಷರದಲ್ಲಿ ಪರದೆಯ ಮೇಲೆ ಬರಲಿ.