ಕಪಿಲೆಯ ಹಿನ್ನೀರಿನಲ್ಲಿ ವನ್ಯದರ್ಶನ

ದೋಣಿಯೇರಿ ಅಡವಿಯ ನಡುವೆ ಸಾಗುತ್ತ ಮೃಗಪಕ್ಷಿಗಳನ್ನು ಅವುಗಳ ನೆಲೆಯಲ್ಲಿಯೇ ಕಾಣುವುದು ಬಯಲುಸೀಮೆಯವರಿಗೆ ಅಪೂರ್ವವಾದ ಅನುಭವ. ಶಿರಾ ತಾಲ್ಲೂಕಿನ ತಾವರೆಕೆರೆಯಂತಹ ಊರುಗಳ ಮಕ್ಕಳಿಗೆ, ನೀರಿಳಿದ ಕೆರೆಯಂಗಳದ ಹಸಿರಿನಲ್ಲಿ ದನಕರು ಮೇಯುವುದು ಪರಿಚಿತವಾದ ನೋಟ. ಆ ಅಂಗಳವು ಹತ್ತಾರು ಮಡಿ ವಿಸ್ತಾರಗೊಂಡು, ದನಗಳಿರುವಲ್ಲಿ ಆನೆಗಳ ಹಿಂಡು ನಿಂತರೆ ಹೇಗೋ ಹಾಗಿರುತ್ತದೆ ಕಬಿನಿ ಹಿನ್ನೀರಿನ ಬೇಸಗೆಯ ದೃಶ್ಯ.

ಕಬಿನಿಯೆಂದೂ ಕರೆಯಲ್ಪಡುವ ಕಪಿಲೆಯು ಕೇರಳದ ವಯನಾಡಿನ ಮಲೆಗಳಲ್ಲಿ ಜನಿಸಿ, ನಂಜನಗೂಡು ಹಾಗೂ ಸುತ್ತೂರು ಶ್ರೀಕ್ಷೇತ್ರಗಳನ್ನು ಹಾದು, ತಿರುಮಕೂಡಲಿನಲ್ಲಿ ಕಾವೇರಿಯೊಡನೆ ಸಂಗಮಿಸುತ್ತದೆ. ಹೆಗ್ಗಡದೇವನಕೋಟೆ ಸೀಮೆಯ ಬೀಚನಹಳ್ಳಿಯ ಬಳಿ ಇದಕ್ಕೆ ಅಡ್ಡಲಾಗಿ ಕಟ್ಟಿದ ಅಣೆಕಟ್ಟು 1974ರಲ್ಲಿ ಪೂರ್ಣಗೊಂಡಿತು. ಜಲಾಶಯದ ಒಂದು ಪಾರ್ಶ್ವದಲ್ಲಿ ನಾಗರಹೊಳೆ, ಮತ್ತೊಂದು ಪಾರ್ಶ್ವದಲ್ಲಿ ಬಂಡೀಪುರ. ನದಿಯ ಹುಟ್ಟು ಮಳೆಕಾಡಿನ ಮಲೆಗಳಲ್ಲಾದರೂ ಹಿನ್ನೀರಿನ ಸುತ್ತ ಇರುವುದು ತೇಗ, ಮತ್ತಿ, ಹೊನ್ನೆಗಳಿಂದ ಕೂಡಿದ, ಬೇಸಗೆಯಲ್ಲಿ ಎಲೆಯುದುರಿಸುವ ಕಾಡು. ಈ ಭೇದವನ್ನರಿತರೆ ಆನೆಗಳ ನಡೆಯೂ ತಿಳಿಯುತ್ತದೆ. ಬಿಸಿಲೇರಿದಂತೆ ಒಳಗಾಡಿನ ಹಳ್ಳಕಟ್ಟೆಗಳು ಬತ್ತಿ ಮೇವು ಒಣಗುತ್ತದೆ. ಅದೇ ವೇಳೆಗೆ ಜಲಾಶಯದ ಮಟ್ಟವಿಳಿದು, ತೆರೆದುಕೊಂಡ ತೇವದ ನೆಲದಲ್ಲಿ ಎಳೆಹುಲ್ಲು ಚಿಗುರುತ್ತದೆ. ನೀರೂ ಮೇವೂ ಒಂದೆಡೆ ದೊರಕುವುದರಿಂದ ನೂರಾರು ಆನೆಗಳು ಅಲ್ಲಿ ನೆರೆಯುತ್ತವೆ. ಕಾಟಿ, ಕಡವೆ, ಚುಕ್ಕೆಜಿಂಕೆಗಳೂ ಬರುತ್ತವೆ; ದಡದ ಮೇಲೆ ಮೊಸಳೆಗಳು ಬಿಸಿಲು ಕಾಯುತ್ತವೆ.

ನೀರಿನ ನಡುವೆ ಅಲ್ಲಲ್ಲಿ ನಿಂತಿರುವ ಒಣಮರಗಳ ಮೇಲೆ ನೀರುಕಾಗೆಗಳು ರೆಕ್ಕೆ ಹರಡಿ ಕುಳಿತಿರುತ್ತವೆ. ಚಳಿಗಾಲದಲ್ಲಿ ಮೀನು ಹಿಡಿಯುವ ಡೇಗೆಯೂ ಬಂದು ಸೇರುತ್ತದೆ. ಪ್ರವಾಸಿಗನ ಕಣ್ಣಿಗೆ ಇದು ಸೊಬಗು. ಆದರೆ ಆ ಮರಗಳು ಮುಳುಗಿದ ನೆಲವೊಂದರ ಸಾಕ್ಷಿಗಳೂ ಅಹುದು. ಪುನ್ನಾಟ ರಾಜ್ಯದ ರಾಜಧಾನಿಯಾಗಿದ್ದ ಕೀರ್ತಿಪುರ, ಅಂದರೆ ಕಿತ್ತೂರು, ಈ ನದೀತೀರದಲ್ಲಿತ್ತು. ಕಾಕನಕೋಟೆಯ ಖೆಡ್ಡಾದಲ್ಲಿ ಕಾಡಾನೆಗಳನ್ನು ಇದೇ ಹೊಳೆಗಿಳಿಸಿ ಅಟ್ಟಿಕೊಂಡು ಹೋಗಿ ಸೆರೆಹಿಡಿಯುತ್ತಿದ್ದರು. ಅಲ್ಲಿ ಕಡೆಯ ಖೆಡ್ಡಾ ನಡೆದುದು 1971ರಲ್ಲಿ. ಸೆರೆಯ ಭಯವಿದ್ದ ತೀರಕ್ಕೇ ಇಂದು ಆನೆ ಮರಿಗಳೊಡನೆ ನಿರ್ಭಯವಾಗಿ ಬರುತ್ತಿರುವುದು ಸಣ್ಣ ಪರಿವರ್ತನೆಯಲ್ಲ.

ಈ ಪರಿವರ್ತನೆಯ ಭಾರವನ್ನು ಹೊತ್ತವರು ಯಾರೆಂಬುದನ್ನೂ ಅರಿಯಬೇಕು. ಕಾಡೇ ಮನೆಯಾಗಿದ್ದ ಜೇನುಕುರುಬರ, ಬೆಟ್ಟಕುರುಬರ ಎಷ್ಟೋ ಹಾಡಿಗಳು ಅಣೆಕಟ್ಟಿನಿಂದಲೂ ಅರಣ್ಯರಕ್ಷಣೆಯಿಂದಲೂ ನೆಲೆ ಬದಲಿಸಬೇಕಾಯಿತು. ಆನೆಯ ಜಾಡನ್ನು ಬಲ್ಲ ಇವರಲ್ಲಿ ಅನೇಕರು ಆನೆ ಶಿಬಿರಗಳಲ್ಲಿ ಮಾವುತರೂ ಕಾವಾಡಿಗಳೂ ಆಗಿದ್ದಾರೆ. ಕಾಡಂಚಿನ ರೈತನ ಪಾಡೂ ಕಠಿಣ. ಹುಲಿಯ ದಾಳಿಯಲ್ಲಿ ಜೀವಹಾನಿ ಸಂಭವಿಸಿದ ಕಾರಣ 2025ರ ನವೆಂಬರಿನಲ್ಲಿ ಸರ್ಕಾರವು ನಾಗರಹೊಳೆ, ಬಂಡೀಪುರಗಳಲ್ಲಿ ಸಫಾರಿಯನ್ನು ನಿಲ್ಲಿಸುವಂತೆ ಆದೇಶಿಸಿತು. ನೋಡುವವನ ವಿನೋದಕ್ಕಿಂತ ಅಲ್ಲಿ ಬಾಳುವವನ ಪ್ರಾಣ ದೊಡ್ಡದೆಂಬುದನ್ನು ಈ ಪ್ರಸಂಗ ನೆನಪಿಸಿತು.

ಆದುದರಿಂದ ಶಾಲಾ ಪ್ರವಾಸವನ್ನು ಏರ್ಪಡಿಸುವ ಉಪಾಧ್ಯಾಯರು ದೋಣಿಯೇರಿಸುವ ಮುನ್ನ ನೀರಿನಡಿಯ ಊರುಗಳ ಕಥೆಯನ್ನೂ ಮಕ್ಕಳಿಗೆ ಹೇಳುವುದು ಉಚಿತ. ಹಾಡಿಗೆ ಹೋಗುವುದಾದರೆ ಅಲ್ಲಿಯವರ ಒಪ್ಪಿಗೆ ಪಡೆದು, ಅತಿಥಿಗಳಂತೆ ಹೋಗಬೇಕು. ಮನುಷ್ಯರು ಪ್ರದರ್ಶನದ ವಸ್ತುಗಳಲ್ಲ. ಮೃಗದ ಮುಂದೆ ಮೌನ, ಮನೆಯ ಮುಂದೆ ವಿನಯ, ಇವೆರಡೇ ಇಂತಹ ಪ್ರವಾಸದ ನಿಯಮಗಳು.

ಇದನ್ನು ಕಲಿಯಲು ದೂರ ಹೋಗಲೇಬೇಕೆಂದೇನೂ ಇಲ್ಲ. ಶಿರಾ ತಾಲ್ಲೂಕಿನದೇ ಆದ ಕಗ್ಗಲಡುವಿನಲ್ಲಿ ಊರ ನಡುವಿನ ಹುಣಿಸೆಮರಗಳಲ್ಲಿ ಬಣ್ಣದ ಕೊಕ್ಕರೆಗಳು ಗೂಡು ಕಟ್ಟುತ್ತ ಬಂದಿವೆ. ಊರವರು ಅವನ್ನು ಮನೆಮಕ್ಕಳಂತೆ ಕಾಪಾಡುತ್ತ ಬಂದಿದ್ದಾರೆ. ಶರಣರು ಬೋಧಿಸಿದ ದಯಾಧರ್ಮವು ಪುಸ್ತಕದಿಂದಿಳಿದು ಹುಣಿಸೆಯ ಕೊಂಬೆಯಲ್ಲಿ ನೆಲೆಸಿರುವುದನ್ನು ಅಲ್ಲಿ ಕಾಣಬಹುದು. ಆ ಮರದ ನೆರಳಿನಲ್ಲಿ ಮೊದಲ ಪಾಠ ಕಲಿತ ವಿದ್ಯಾರ್ಥಿಗೆ ಕಪಿಲೆಯ ದೋಣಿಯು ವಿನೋದದೊಡನೆ ವಿವೇಕವನ್ನೂ ನೀಡುವುದರಲ್ಲಿ ಸಂದೇಹವಿಲ್ಲ.