ಅಪ್ಪ ಜಡೆ ಹಾಕಿದ್ದಕ್ಕೆ ಆಸ್ಕರ್ ಯಾಕೆ?

ಹೋದ ಸೆಮಿಸ್ಟರ್‌ನಲ್ಲಿ ನಮ್ಮ ಸಂಘದ ಶನಿವಾರದ ಸಿನಿಮಾ ಕೂಟದಲ್ಲಿ ‘ಹೇರ್ ಲವ್’ ಅನ್ನೋ ಏಳು ನಿಮಿಷದ ಅನಿಮೇಷನ್ ಚಿತ್ರ ಹಾಕಿದ್ವಿ. ಕತೆ ಇಷ್ಟೇ: ಜೂರಿ ಅನ್ನೋ ಪುಟ್ಟ ಹುಡುಗಿಗೆ ಅವತ್ತು ವಿಶೇಷ ದಿನ, ತಲೆ ಬಾಚಿಸಿಕೊಳ್ಳಬೇಕು. ಅಮ್ಮ ಮನೇಲಿಲ್ಲ. ಆ ದಟ್ಟ ಗುಂಗುರು ಕೂದಲನ್ನು ಏನು ಮಾಡಬೇಕು ಅಂತ ಅಪ್ಪನಿಗೆ ಗೊತ್ತಿಲ್ಲ. ಒದ್ದಾಡ್ತಾನೆ, ಸೋಲ್ತಾನೆ, ಕೊನೆಗೆ ಅಮ್ಮ ಮಾಡಿಟ್ಟ ವಿಡಿಯೋ ನೋಡಿ ಕಲೀತಾನೆ. ಆಮೇಲೆ ಇಬ್ಬರೂ ಆಸ್ಪತ್ರೆಗೆ ಹೋಗ್ತಾರೆ. ಅಲ್ಲಿ ಅಮ್ಮ, ಕಾಯಿಲೆಯಿಂದ ಕೂದಲೆಲ್ಲ ಕಳೆದುಕೊಂಡು, ಇವರಿಗಾಗಿ ಕಾಯ್ತಾ ಇರ್ತಾಳೆ.

ಲೈಟ್ ಹಾಕಿದ ಮೇಲೆ ಹಿಂದಿನ ಬೆಂಚಿಂದ ಒಬ್ಬ ಕೇಳಿದ: “ಚೆನ್ನಾಗಿದೆ ಗುರು. ಆದ್ರೆ ಅಪ್ಪ ಮಗಳಿಗೆ ಜಡೆ ಹಾಕಿದ್ದಕ್ಕೆಲ್ಲ ಆಸ್ಕರ್ ಕೊಡ್ತಾರಾ?” ಎಲ್ಲರೂ ನಕ್ವಿ. ಉತ್ತರ ಮಾತ್ರ ಯಾರ ಹತ್ರಾನೂ ಇರ್ಲಿಲ್ಲ. ಹುಡುಕ್ತಾ ಹೋದಾಗ ಅಮೆರಿಕದ ಕಪ್ಪು ಜನ ‘ಬ್ಲ್ಯಾಕ್ ಲವ್’ ಅಂತ ಕರೆಯೋ ಒಂದು ದೊಡ್ಡ ವಿಷಯವೇ ಸಿಕ್ಕಿತು. ಅದನ್ನು ನಮಗೆ ಅರ್ಥವಾದಷ್ಟು ಇಲ್ಲಿ ಹೇಳ್ತೀವಿ.

ಪ್ರೀತಿಗೂ ಬಣ್ಣ ಇದೆಯಾ?

ಮೊದಲು ಬರೋ ಅನುಮಾನ ಇದೇ. ಪ್ರೀತಿ ಅಂದ್ರೆ ಪ್ರೀತಿ, ಅದರ ಹಿಂದೆ ‘ಬ್ಲ್ಯಾಕ್’ ಯಾಕೆ? ಯಾಕಂದ್ರೆ ಅಮೆರಿಕದಲ್ಲಿ ಕಪ್ಪು ಜನರ ಪ್ರೀತಿಗೆ ಎರಡು ಶತಮಾನಕ್ಕೂ ಹೆಚ್ಚು ಕಾಲ ಕಾನೂನಿನ ಮಾನ್ಯತೆಯೇ ಇರ್ಲಿಲ್ಲ. 1662ರಲ್ಲಿ ವರ್ಜೀನಿಯಾ ಒಂದು ಕಾನೂನು ಮಾಡಿತು: ಮಗುವಿಗೆ ತಾಯಿಯ ಸ್ಥಿತಿಯೇ ಬರುತ್ತದೆ. ಅಂದ್ರೆ ತಾಯಿ ಗುಲಾಮಳಾದರೆ ಮಗುವೂ ಹುಟ್ಟುತ್ತಲೇ ಒಡೆಯನ ಆಸ್ತಿ. ಗುಲಾಮಗಿರಿಯಲ್ಲಿದ್ದವರ ಮದುವೆ ಕಾನೂನಿನ ಕಣ್ಣಲ್ಲಿ ಮದುವೆಯೇ ಅಲ್ಲ. ಒಡೆಯ ಸಾಲ ತೀರಿಸೋಕೆ ಗಂಡನನ್ನು ಒಂದು ಊರಿಗೆ, ಹೆಂಡತಿಯನ್ನು ಇನ್ನೊಂದು ಊರಿಗೆ ಮಾರಬಹುದಿತ್ತು.

ಆದ್ರೂ ಅವರು ಮದುವೆಯಾದರು. ನೆಲದ ಮೇಲೆ ಪೊರಕೆ ಇಟ್ಟು, ವಧು-ವರ ಕೈ ಹಿಡಿದು ಅದನ್ನು ದಾಟಿದರೆ ಮದುವೆ ಆದ ಹಾಗೆ. ಇವತ್ತಿಗೂ ಹಲವು ಕಪ್ಪು ಜೋಡಿಗಳು ಮದುವೆಯಲ್ಲಿ ಪೊರಕೆ ದಾಟೋದು ಆ ಹಿರಿಯರ ನೆನಪಿಗೆ.

ಸಾವಿರ ಮೈಲಿಯ ಪ್ಲಾನ್

ವಿಲಿಯಂ ಮತ್ತು ಎಲೆನ್ ಕ್ರಾಫ್ಟ್ ಜಾರ್ಜಿಯಾದ ಮೇಕನ್ ಊರಿನ ಗಂಡ-ಹೆಂಡತಿ, ಇಬ್ಬರೂ ಗುಲಾಮರು. ತನಗೆ ಹುಟ್ಟೋ ಮಗುವನ್ನು ಯಾರೋ ಕಿತ್ತುಕೊಂಡು ಹೋಗಬಹುದು ಅನ್ನೋ ಭಯ ಎಲೆನ್‌ಗೆ. ಹಾಗಾಗಿ 1848ರ ಡಿಸೆಂಬರ್‌ನಲ್ಲಿ ಇಬ್ಬರೂ ಓಡಿಹೋಗೋ ತೀರ್ಮಾನ ಮಾಡಿದರು.

ಪ್ಲಾನ್ ಕೇಳಿದ್ರೆ ನಮ್ಮ ಯಾವ ಪ್ರಾಜೆಕ್ಟೂ ಅದರ ಮುಂದೆ ನಿಲ್ಲಲ್ಲ. ಎಲೆನ್ ಮೈಬಣ್ಣ ಬಿಳಿ. ಅವಳ ತಂದೆ ಅವಳ ಮೊದಲ ಒಡೆಯನೇ. ಅವಳು ಕೂದಲು ಕತ್ತರಿಸಿ, ಪ್ಯಾಂಟು-ಕೋಟು ಹಾಕಿ, ಕಾಯಿಲೆ ಬಿದ್ದ ಬಿಳಿ ಜಮೀನ್ದಾರನಾದಳು. ವಿಲಿಯಂ ಅವನ ಸೇವಕ. ಆದ್ರೆ ಹೋಟೆಲಲ್ಲಿ ಸಹಿ ಕೇಳಿದ್ರೆ? ಇಬ್ಬರಿಗೂ ಬರೆಯೋಕೆ ಬರಲ್ಲ. ಅದಕ್ಕೆ ಬಲಗೈಯನ್ನು ಪಟ್ಟಿ ಕಟ್ಟಿ ಕುತ್ತಿಗೆಗೆ ನೇತುಹಾಕಿಕೊಂಡಳು. ಗಡ್ಡ ಇಲ್ಲದ ಮುಖ? ಹಲ್ಲುನೋವು ಅನ್ನೋ ಹಾಗೆ ಕೆನ್ನೆಗೂ ಬಟ್ಟೆ. ಒಂದೊಂದು ತೊಂದರೆಗೂ ಒಂದೊಂದು ಉತ್ತರ. ಹೆಚ್ಚಿನ ಖರ್ಚಿಗೆ ವಿಲಿಯಂ ಮರಗೆಲಸದಲ್ಲಿ ಕೂಡಿಟ್ಟ ದುಡ್ಡು. ರೈಲು, ಹಡಗು ಬದಲಿಸಿ, ಹಗಲಲ್ಲೇ ಎಲ್ಲರ ಕಣ್ಣೆದುರು ಪ್ರಯಾಣ ಮಾಡಿ, ಕ್ರಿಸ್‌ಮಸ್ ದಿನ ಫಿಲಡೆಲ್ಫಿಯಾ ತಲುಪಿದರು. 1850ರಲ್ಲಿ ಓಡಿಬಂದವರನ್ನು ಹಿಡಿದು ವಾಪಸ್ ಕಳಿಸೋ ಕಾನೂನು ಬಂದಾಗ ಇಂಗ್ಲೆಂಡಿಗೆ ಹೋದರು. ಮಕ್ಕಳು ಹುಟ್ಟಿದ್ದು ಅಲ್ಲಿ, ಸ್ವತಂತ್ರರಾಗಿ.

ಎಲ್ಲರ ಕತೆಯೂ ಹೀಗೆ ಮುಗಿಯಲಿಲ್ಲ. 1865ರಲ್ಲಿ ಗುಲಾಮಗಿರಿ ಕೊನೆಗೊಂಡಾಗ ಜನ ಮಾಡಿದ ಮೊದಲ ಕೆಲಸಗಳಲ್ಲಿ ಎರಡು ಇವು: ಮದುವೆಯನ್ನು ನೋಂದಾಯಿಸೋದು, ಕಳೆದುಹೋದವರನ್ನು ಹುಡುಕೋದು. ಪತ್ರಿಕೆಗಳಲ್ಲಿ ಸಾವಿರಾರು ಜಾಹೀರಾತುಗಳು ಬಂದವು. ತಾಯಿಯ ಹೆಸರು ಇದು, ಮಾರಿದವನು ಇವನು, ಕೊನೆಗೆ ನೋಡಿದ್ದು ಇಂಥ ಊರಲ್ಲಿ, ಸುಳಿವು ಸಿಕ್ಕರೆ ತಿಳಿಸಿ. ಚರ್ಚುಗಳಲ್ಲಿ ಇವನ್ನು ಗಟ್ಟಿಯಾಗಿ ಓದುತ್ತಿದ್ದರು. 1900 ದಾಟಿದ ಮೇಲೂ ಹುಡುಕಾಟ ನಿಲ್ಲಲಿಲ್ಲ. ವಿಲನೋವಾ ವಿಶ್ವವಿದ್ಯಾಲಯದ ಒಂದು ಯೋಜನೆ ಇಂಥ ಸಾವಿರಾರು ಜಾಹೀರಾತುಗಳನ್ನು ಸೇರಿಸಿ ಆನ್‌ಲೈನ್‌ನಲ್ಲಿ ಇಟ್ಟಿದೆ. ಒಂದು ಸಂಜೆ ಬಿಡುವಾದಾಗ ಓದಿ. ನಮ್ಮಲ್ಲಿ ಇಬ್ಬರು ಓದೋಕೆ ಕೂತು, ಹತ್ತು ಓದಿ ನಿಲ್ಲಿಸಿದ್ವಿ. ಮುಂದೆ ಓದೋಕೆ ಆಗ್ಲಿಲ್ಲ.

ಕಷ್ಟಕ್ಕಾದವನೇ ನೆಂಟ

ಕಾನೂನು ಬದಲಾದ್ರೂ ಮಾತು ಬದಲಾಗಲಿಲ್ಲ. 1965ರಲ್ಲಿ ಡೇನಿಯಲ್ ಪ್ಯಾಟ್ರಿಕ್ ಮೊಯ್ನಿಹನ್ ಬರೆದ ಸರ್ಕಾರಿ ವರದಿ ಕಪ್ಪು ಕುಟುಂಬಗಳು ಒಡೆದು ಹೋಗಿವೆ ಅನ್ನೋದನ್ನೇ ದೊಡ್ಡ ಸಮಸ್ಯೆಯಾಗಿ ತೋರಿಸಿತು. 1976ರಲ್ಲಿ ಇತಿಹಾಸಕಾರ ಹರ್ಬರ್ಟ್ ಗಟ್‌ಮನ್ ಹಳೇ ದಾಖಲೆಗಳನ್ನು ಜಾಲಾಡಿ, ಗುಲಾಮಗಿರಿಯಲ್ಲೂ ಆಮೇಲೂ ಈ ಜನ ಕುಟುಂಬವನ್ನು ಎಷ್ಟು ಹಟದಿಂದ ಉಳಿಸಿಕೊಂಡರು ಅಂತ ತೋರಿಸಿದರು. ಮಾನವಶಾಸ್ತ್ರಜ್ಞೆ ಕ್ಯಾರಲ್ ಸ್ಟ್ಯಾಕ್ ಬಡ ಕಪ್ಪು ಬಡಾವಣೆಯೊಂದರಲ್ಲಿ ಓಡಾಡಿ 1974ರಲ್ಲಿ ಪುಸ್ತಕ ಬರೆದರು. ಅಲ್ಲಿ ರಕ್ತಸಂಬಂಧ ಇಲ್ಲದವರೂ ಬಂಧುಗಳಾಗಿದ್ದರು. ಒಬ್ಬರ ಮಗುವನ್ನು ಇನ್ನೊಬ್ಬರು ನೋಡಿಕೊಳ್ಳೋದು, ಬಟ್ಟೆ, ಊಟ, ದುಡ್ಡು ಕೈಯಿಂದ ಕೈಗೆ ಓಡಾಡೋದು. ಕಷ್ಟಕ್ಕಾದವನೇ ನೆಂಟ ಅಂತಾರಲ್ಲ, ಹಾಗೆ.

1910ರಿಂದ 1970ರವರೆಗೆ ಸುಮಾರು 60 ಲಕ್ಷ ಕಪ್ಪು ಜನ ದಕ್ಷಿಣ ಬಿಟ್ಟು ಬೇರೆ ಕಡೆಯ ನಗರಗಳಿಗೆ ಹೋದರು. ಚದುರಿದ ಕುಟುಂಬಗಳು ಬೇಸಿಗೆಯಲ್ಲಿ ಒಂದು ಕಡೆ ಸೇರುತ್ತವೆ. ಎಲ್ಲರಿಗೂ ಒಂದೇ ತರಹದ ಟೀ ಶರ್ಟ್, ದೊಡ್ಡ ಊಟ, ಅಜ್ಜಿಯ ಬಾಯಲ್ಲಿ ವಂಶದ ಕತೆ. ಹೊರಗಿಂದ ನೋಡಿದ್ರೆ ಪಿಕ್ನಿಕ್. ಒಳಗೆ ಆ ಹಳೇ ಜಾಹೀರಾತುಗಳಿಗೆ ಸಿಕ್ಕ ಉತ್ತರ ಅದು.

ಅಸೆಂಬ್ಲಿ ಲೈನ್‌ನಿಂದ ಪ್ರೇಮಗೀತೆ

ಮೆಕ್ಯಾನಿಕಲ್‌ನವರಿಗೆ ಇದು ಇಷ್ಟ ಆಗತ್ತೆ. ಬೆರಿ ಗೋರ್ಡಿ ಡೆಟ್ರಾಯಿಟ್‌ನ ಕಾರು ಕಾರ್ಖಾನೆಯಲ್ಲಿ ಕೆಲಸ ಮಾಡುತ್ತಿದ್ದವರು. 1959ರಲ್ಲಿ ತಮ್ಮ ಕುಟುಂಬದವರೇ ಕೂಡಿಟ್ಟ ನಿಧಿಯಿಂದ 800 ಡಾಲರ್ ಸಾಲ ಪಡೆದು ಸಂಗೀತ ಕಂಪನಿ ಶುರು ಮಾಡಿದರು. ಅದೇ ಮುಂದೆ ಮೋಟೌನ್. ಕಾರ್ಖಾನೆಯ ಪದ್ಧತಿಯನ್ನೇ ಹಾಡಿಗೂ ತಂದರು. ಬಿಡುಗಡೆಗೆ ಮುಂಚೆ ಹಾಡುಗಳಿಗೆ ‘ಕ್ವಾಲಿಟಿ ಕಂಟ್ರೋಲ್’ ಮೀಟಿಂಗ್, ವೋಟಿಂಗ್! ಅಲ್ಲಿಂದ ಹೊರಬಂದದ್ದು ಬಹುಪಾಲು ಪ್ರೇಮಗೀತೆಗಳು. ಬಸ್ಸಿನಲ್ಲಿ ಎಲ್ಲಿ ಕೂರಬೇಕು ಅಂತ ಹೋರಾಡುತ್ತಿದ್ದ ಕಾಲದಲ್ಲಿ, ಕಪ್ಪು ಹುಡುಗ-ಹುಡುಗಿಯ ಪ್ರೀತಿ ದೇಶದ ಎಲ್ಲ ರೇಡಿಯೋದಲ್ಲೂ ಕೇಳಿಸಿತು. ಮಾರ್ವಿನ್ ಗೇ ಮತ್ತು ಟ್ಯಾಮಿ ಟೆರೆಲ್ ಹಾಡಿದ ಯುಗಳಗೀತೆಗಳಲ್ಲಿ ಹಲವನ್ನು ಬರೆದ ನಿಕ್ ಆಶ್‌ಫರ್ಡ್ ಮತ್ತು ವ್ಯಾಲರಿ ಸಿಂಪ್ಸನ್ 1974ರಲ್ಲಿ ಮದುವೆಯಾದರು. 2011ರಲ್ಲಿ ಆಶ್‌ಫರ್ಡ್ ತೀರಿಕೊಳ್ಳುವವರೆಗೂ ಜೊತೆಗಿದ್ದರು.

ಚಿತ್ರಗಳಲ್ಲೂ ಇದೇ ಕತೆ. ಜೇಮ್ಸ್ ವ್ಯಾನ್ ಡರ್ ಝೀ 1932ರಲ್ಲಿ, ಆರ್ಥಿಕ ಕುಸಿತದ ಮಧ್ಯೆ, ಹಾರ್ಲೆಮ್‌ನ ಬೀದಿಯಲ್ಲಿ ತುಪ್ಪಳದ ಕೋಟು ತೊಟ್ಟ ಒಂದು ಜೋಡಿಯನ್ನು ಕ್ಯಾಡಿಲಾಕ್ ಕಾರಿನ ಜೊತೆ ಫೋಟೋ ತೆಗೆದರು. 1990ರಲ್ಲಿ ಕ್ಯಾರಿ ಮೇ ವೀಮ್ಸ್ ಒಂದು ಅಡುಗೆಮನೆ ಮೇಜು, ಮೇಲೊಂದು ದೀಪ ಇಟ್ಟುಕೊಂಡು ಒಂದು ಸರಣಿಯನ್ನೇ ಮಾಡಿದರು. ಅದೇ ಮೇಜಿನಲ್ಲಿ ಪ್ರಿಯಕರ, ಗೆಳತಿಯರು, ಮಗಳು, ಆಮೇಲೆ ಒಂಟಿತನ. ಪ್ರೀತಿ ಅಂದ್ರೆ ಬರೀ ಜೋಡಿಯಲ್ಲ ಅಂತ ಆ ಫೋಟೋಗಳು ಹೇಳುತ್ತವೆ.

ಮತ್ತೆ ಜಡೆಗೆ ಬರೋಣ

ಈಗ ಹಿಂದಿನ ಬೆಂಚಿನ ಪ್ರಶ್ನೆಗೆ ಉತ್ತರ. ‘ಹೇರ್ ಲವ್’ ಮಾಡಿದ ಮ್ಯಾಥ್ಯೂ ಚೆರ್ರಿ ಮೊದಲು ವೃತ್ತಿಪರ ಫುಟ್‌ಬಾಲ್ ಆಟಗಾರ. 2017ರಲ್ಲಿ ಜನರ ಹತ್ರ 75 ಸಾವಿರ ಡಾಲರ್ ಕೇಳಿದರು. 2.8 ಲಕ್ಷಕ್ಕೂ ಹೆಚ್ಚು ಬಂತು. ಕಪ್ಪು ಅಪ್ಪ ಅಂದ್ರೆ ಮನೆ ಬಿಟ್ಟು ಹೋದವನು ಅನ್ನೋ ಚಿತ್ರವನ್ನೇ ನೋಡಿ ನೋಡಿ ಬೇಸತ್ತವರು ಎಷ್ಟು ಜನ ಇದ್ದರು ಅಂತ ಇದರಿಂದಲೇ ಗೊತ್ತಾಗುತ್ತೆ. ಆ ಕೂದಲಿಗೂ ಕತೆ ಇದೆ. ಹುಟ್ಟುಗುಂಗುರು, ಹೆಣೆದ ಜಡೆ ‘ನೀಟಾಗಿಲ್ಲ’ ಅಂತ ಶಾಲೆ, ಆಫೀಸುಗಳಿಂದ ಹೊರಗೆ ಕಳಿಸಿದ್ದುಂಟು. ಅದನ್ನು ತಡೆಯೋ ಕಾನೂನನ್ನು ಅಲ್ಲಿನ ರಾಜ್ಯಗಳಲ್ಲಿ ಮೊದಲು ತಂದದ್ದು ಕ್ಯಾಲಿಫೋರ್ನಿಯಾ, ಅದೂ 2019ರಲ್ಲಿ. ಅಂಥ ಕೂದಲನ್ನು ಅಪ್ಪ ಕೈಯಲ್ಲಿ ಹಿಡಿದು ಬಾಚೋದು ಅವರಿಗೆ ಸಣ್ಣ ವಿಷಯ ಅಲ್ಲ.

ಕಪ್ಪು ಜನರನ್ನು ನಾವು ನೋಡಿರೋದು ಹೆಚ್ಚಾಗಿ ಗಲಭೆಯ ಸುದ್ದಿಯಲ್ಲಿ, ಇಲ್ಲ ರ‍್ಯಾಪ್ ವಿಡಿಯೋದಲ್ಲಿ. ಊಟದ ಮೇಜಿನಲ್ಲಿ ನೋಡಿದ್ದು ಕಮ್ಮಿ. ಅಷ್ಟು ದೂರ ಯಾಕೆ? ನಮ್ಮ ಯಲ್ಲಾಪುರ, ಹಳಿಯಾಳದ ಸಿದ್ದಿಗಳ ಪೂರ್ವಜರೂ ಆಫ್ರಿಕಾದವರೇ, ಹಲವರನ್ನು ಗುಲಾಮರಾಗಿಯೇ ಈ ಕಡೆ ತಂದಿದ್ದರು. ಶತಮಾನಗಳಿಂದ ನಮ್ಮವರು, ಕನ್ನಡ ಮಾತಾಡೋರು. ಅವರ ಮನೆಯ ಒಂದು ಮದುವೆ, ಒಂದು ಹಬ್ಬದ ಊಟ ನಮ್ಮಲ್ಲಿ ಯಾರೂ ನೋಡಿಲ್ಲ. ಇನ್ನು ‘ಬೆಳ್ಳಗಿನ ಹುಡುಗಿ ಬೇಕು’ ಅನ್ನೋ ವಧು-ವರರ ಜಾಹೀರಾತು, ಕಪ್ಪಗಿರೋ ಗೆಳೆಯನಿಗೆ ಹಾಸ್ಟೆಲಲ್ಲಿ ನಾವಿಟ್ಟ ಅಡ್ಡಹೆಸರು, ಇವೆಲ್ಲ ನಮಗೇ ಗೊತ್ತಿರೋದು.

ಅವತ್ತು ಪ್ರಶ್ನೆ ಕೇಳಿದವನಿಗೆ ಈ ಲೇಖನದ ಕರಡು ಓದೋಕೆ ಕೊಟ್ವಿ. ಓದಿ ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ, “ಇನ್ನೊಂದ್ಸಲ ಹಾಕ್ರೋ ಆ ಸಿನಿಮಾ” ಅಂದ. ಈ ಶನಿವಾರ ಹಾಕ್ತಾ ಇದ್ದೀವಿ. ಬನ್ನಿ.